ಜಿಲ್ಲಾ ನ್ಯಾಯಾಧೀಶರಿಗೆ ಉಡಿ ತುಂಬಲು ಹೋದದ್ದು

ನನ್ನ ಮೊಮ್ಮಗಳು ಜಡ್ಜ್ ಆದಳು!

ಒಂದು ಸಲ ಬರೆದರೆ ನನಗೇ ಸಾಲದು, ಇನ್ನೊಮ್ಮೆ ಬರೆಯುತ್ತೇನೆ. ನನ್ನ ಮೊಮ್ಮಗಳು, ನನ್ನ ಮಗನ ಒಬ್ಬಳೇ ಮಗಳು, ಸಿರುಗುಪ್ಪದ ನಮ್ಮ ಓಣಿಯಲ್ಲಿ ಮೂಗು ಸುರಿಸಿಕೊಂಡು ಕುಂಟಾಬಿಲ್ಲೆ ಆಡುತ್ತಿದ್ದ ವೀಣಾ, ಸಿವಿಲ್ ನ್ಯಾಯಾಧೀಶೆ ಆದಳು! ಹೋದ ವಾರ ಆರ್ಡರ್ ಕೈಗೆ ಬಂತು. ಆ ಕಾಗದವನ್ನು ನಾನು ಎಷ್ಟು ಸಲ ಕಣ್ಣಿಗೆ ಒತ್ತಿಕೊಂಡೆ ಎಂದರೆ ಅದರ ಮೇಲೆ ನನ್ನ ಕುಂಕುಮ ಅಂಟಿ, ಸರ್ಕಾರದ ಮೊಹರಿನ ಪಕ್ಕದಲ್ಲಿ ನನ್ನದೂ ಒಂದು ಮೊಹರು ಬಿದ್ದಿದೆ.

ಆದರೆ ಈ ಆರ್ಡರ್ ಬಾರದಂತೆ ತಡೆಯಲು ಒಬ್ಬ ಮುದುಕಿಯಿಂದ ಏನೇನು ಸಾಧ್ಯವೋ ಅಷ್ಟನ್ನೂ ನಾನು ಒಂದೇ ದಿನದಲ್ಲಿ ಮಾಡಿ ಮುಗಿಸಿದ್ದೆ. ಅದನ್ನೇ ಈಗ ಹೇಳುತ್ತೇನೆ.

ವೀಣಾ ನಾಲ್ಕು ವರ್ಷ ದಿನಾಲೂ ಬಸ್ಸಿನಲ್ಲಿ ಬಳ್ಳಾರಿಗೆ ಹೋಗಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಕೆಲಸ ಕಲಿತಳು. ಪರೀಕ್ಷೆ ಬರೆದಳು. ಆಯ್ಕೆಯಾದವರ ಪಟ್ಟಿಯಲ್ಲಿ ಅವಳ ಹೆಸರು ಬಂದ ದಿನ ಮನೆಯವರೆಲ್ಲ ಕುಣಿದೆವು. ಅವಳು ಮಾತ್ರ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಕೈ ಹಿಡಿದು ಹೇಳಿದಳು.

"ಅಜ್ಜೀ, ಬರೇ ಹೆಸರು ಬಂದೈತಿ. ಆರ್ಡರ್ ಬಂದಿಲ್ಲ. ಇನ್ನ ಪೊಲೀಸ್ನೋರು ನಮ್ಮ ಮನಿತನದ ಬಗ್ಗೆ ವಿಚಾರಣಿ ಮಾಡ್ತಾರ. ಏನಾರ ಒಂದು ತಕರಾರು ಹೋತು ಅಂದ್ರ ಕೈಗೆ ಬಂದಿದ್ದು ತಪ್ಪಿ ಹೋಗತೈತಿ. ಆರ್ಡರ್ ಬರೋತನಕ ನೀ ಬಾಯಿ ಮುಚ್ಚಿಕೊಂಡು ಮನ್ಯಾಗಿರು."

"ನಾನ್ಯಾಕವ್ವ ಬಾಯಿ ತೆಗೀಲಿ?" ಎಂದೆ. ಸಂಜೆಯೊಳಗೆ ಓಣಿಯ ಅಷ್ಟೂ ಮನೆಗೆ ಸಕ್ಕರೆ ಹಂಚಿ ಬಂದೆ.

ಮರುದಿನ ನನಗೊಂದು ಸಂಶಯ ಬಂತು. "ವೀಣೀ, ನೀ ದೊಡ್ಡ ಜಡ್ಜೋ ಸಣ್ಣ ಜಡ್ಜೋ?"

"ಎಲ್ಲಾರಕಿಂತ ಸಣ್ಣಾಕಿ ಅಜ್ಜಿ. ತಾಲೂಕಿನಾಗ ಕೂಡೋ ಸಿವಿಲ್ ಜಡ್ಜ್. ಹೊಲ-ಮನಿ ತಂಟೆನೂ ನಾನೇ ನೋಡಬೇಕು, ಕಳವು-ಬಡಿದಾಟನೂ ನಾನೇ ನೋಡಬೇಕು. ನನ್ನ ಮ್ಯಾಲೆ ಸೀನಿಯರ್ ಸಿವಿಲ್ ಜಡ್ಜ್. ಅವರ ಮ್ಯಾಲೆ ಜಿಲ್ಲಾ ನ್ಯಾಯಾಧೀಶರು. ಎಲ್ಲಾರ ಮ್ಯಾಲೆ ಹೈಕೋರ್ಟು."

"ನೀ ಕೊಟ್ಟ ತೀರ್ಪು?"

"ಸರಿ ಇಲ್ಲ ಅನಿಸಿದ್ರ ಮ್ಯಾಲಿನೋರು ತಿದ್ದತಾರ. ಇಲ್ಲಾಂದ್ರ ರದ್ದು ಮಾಡ್ತಾರ."

"ರಜಾ ಬೇಕಾದ್ರ?"

"ಜಿಲ್ಲಾ ನ್ಯಾಯಾಧೀಶರನ್ನ ಕೇಳಬೇಕು."

"ನಿನ್ನ ಯಾವೂರಿಗೆ ಹಾಕಬೇಕು ಅನ್ನೋದು?"

"ಅದು ಹೈಕೋರ್ಟಿನ ಕೈಯಾಗೈತಿ. ಅದು ಬೆಂಗಳೂರಾಗೈತಿ. ಧಾರವಾಡದಾಗ, ಕಲಬುರಗಿಯಾಗ ಅದರ ಪೀಠ ಅದಾವು. ನಮ್ಮ ಬಳ್ಳಾರಿ ಜಿಲ್ಲೆ ಖಟ್ಲೆ ಎಲ್ಲಾ ಧಾರವಾಡಕ್ಕ ಹೋಗತಾವು."

ನಾನು ಓದಿದ್ದು ನಾಲ್ಕನೇ ಇಯತ್ತೆ. ಆದರೂ ಇಡೀ ರಾಜ್ಯದ ನ್ಯಾಯಾಂಗ ವ್ಯವಸ್ಥೆ ನನಗೆ ಆ ಕ್ಷಣದಲ್ಲೇ ಕನ್ನಡಿಯಂತೆ ಕಂಡಿತು. ಇದು ಅತ್ತೆಮನೆ! ನಮ್ಮ ವೀಣಾ ಹೊಸ ಸೊಸೆ. ಮುಂಜಾನೆ ರೊಟ್ಟಿ ಬಡಿಯುವವಳೂ ಅವಳೇ, ಮಧ್ಯಾಹ್ನ ಬಟ್ಟೆ ಒಗೆಯುವವಳೂ ಅವಳೇ. ಸೀನಿಯರ್ ಸಿವಿಲ್ ಜಡ್ಜ್ ಎಂದರೆ ಮುಂಚೆ ಬಂದ ಹಿರೇ ಸೊಸೆ. ಸೊಸೆ ಮಾಡಿದ ಸಾರಿನ ರುಚಿ ನೋಡಿ ಉಪ್ಪು ಕಡಿಮೆ ಎನ್ನುವ ಅತ್ತೆ, ಜಿಲ್ಲಾ ನ್ಯಾಯಾಧೀಶರು. ತವರಿಗೆ ಹೋಗಲು ಅವರನ್ನೇ ಕೇಳಬೇಕು. ಧಾರವಾಡದಲ್ಲಿ ಕುಳಿತಿರುವುದು ಅತ್ತೆಯ ಅತ್ತೆ. ಆಕೆ ಎದ್ದು ಬರುವುದಿಲ್ಲ, ಕಾಗದ ಕಳಿಸುತ್ತಾಳೆ.

ನಾನೂ ಸೊಸೆಯಾಗಿದ್ದವಳೇ, ಅತ್ತೆಯೂ ಆಗಿದ್ದೇನೆ. ಹೆಣ್ಣು ಕೊಟ್ಟ ಮನೆಯವರು ಬೀಗಿತ್ತಿಗೆ ಉಡಿ ತುಂಬದಿದ್ದರೆ ಹುಡುಗಿಗೆ ಏನಾಗುತ್ತದೆ ಎನ್ನುವುದು ನನಗೆ ಗೊತ್ತು. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಅರಿಶಿನ ಕೊಂಬು, ಉತ್ತತ್ತಿ ಹಾಕಿ, ಮೇಲೊಂದು ಕುಪ್ಪಸದ ಖಣ ಇಟ್ಟು, "ನಮ್ಮ ಕೂಸು, ನಿಮ್ಮ ಮಡಿಲಿಗೆ ಹಾಕೀವಿ" ಎಂದರೆ ಎಂಥ ಅತ್ತೆಯ ಮುಖವೂ ಮೆತ್ತಗಾಗುತ್ತದೆ. ಬಳ್ಳಾರಿಯ ಜಿಲ್ಲಾ ನ್ಯಾಯಾಧೀಶರು ಹೆಣ್ಣುಮಗಳು ಎಂದು ವೀಣಾ ಯಾವಾಗಲೋ ಹೇಳಿದ್ದಳು. ಇನ್ನೇನು ಬೇಕು?

ಬೆಳಕು ಹರಿಯುವ ಮುಂಚೆ ಎದ್ದು ಇಪ್ಪತ್ತು ಹೋಳಿಗೆ ಮಾಡಿದೆ. ನಮ್ಮ ಯಜಮಾನರು ವಾಸನೆಗೆ ಎದ್ದು ಬಂದರು.

"ಎಲ್ಲಿಗೆ ಹೊಂಟೀಯಲೇ ಮುದುಕಿ?"

"ಕುರುಗೋಡಿಗ್ರಿ. ತಮ್ಮನ್ನ ನೋಡ್ಕೊಂಡು ಬರ್ತೀನಿ."

"ತಮ್ಮಗ ಕುಪ್ಪಸದ ಖಣ ಯಾಕ?"

"ಅವನ ಹೇಣ್ತಿಗ್ರಿ!" ಎಂದು ಚೀಲದ ಬಾಯಿ ಕಟ್ಟಿದೆ. ಐವತ್ತು ವರ್ಷದ ಸಂಸಾರದಲ್ಲಿ ಅವರು ನನ್ನ ಮಾತು ನಂಬಿದ್ದು ಕಡಿಮೆ. ಅವತ್ತು ನಂಬಿದರು. ನನ್ನ ದುರದೃಷ್ಟ!

ಮೊದಲು ಸಿರುಗುಪ್ಪದ ಕೋರ್ಟಿಗೇ ಹೋದೆ. ಊರಿನದು, ಹತ್ತಿರದ್ದು. ನಮ್ಮ ಹುಡುಗಿಯ ಓರಗಿತ್ತಿಗೆ ಎರಡು ಹೋಳಿಗೆ ಕೊಟ್ಟು ಮುಂದೆ ಹೋಗೋಣ ಎಂಬ ಲೆಕ್ಕ. ಬಾಗಿಲಲ್ಲಿದ್ದ ಜವಾನ ನನ್ನ ಚೀಲ ನೋಡಿದ, ನನ್ನನ್ನು ನೋಡಿದ.

"ಯಾವ ಖಟ್ಲೆ ಅವ್ವಾ?"

"ಖಟ್ಲೆ ಅಲ್ಲಪ್ಪ. ಜಡ್ಜಮ್ಮಗ ಉಡಿ ತುಂಬಬೇಕು."

"ಇಲ್ಲಿ ಜಡ್ಜ್ ಸಾಹೇಬ್ರು ಗಂಡಸರದಾರ!"

ಗಂಡಸಿನ ಉಡಿ ತುಂಬುವ ಶಾಸ್ತ್ರ ನಮ್ಮ ಕಡೆ ಇಲ್ಲ. ಸಾಹೇಬರಿಗೆ ಪಂಚೆ ಇದ್ದರೂ ಸೆರಗು ಇರುವುದಿಲ್ಲ. ಬಸ್ ಹಿಡಿದು ಕುರುಗೋಡಿಗೆ ಹೋದೆ.

ನನ್ನ ತಮ್ಮ ಬಸಣ್ಣ ನಮ್ಮ ತವರಿನ ಕಾನೂನು ಪಂಡಿತ. ಪಕ್ಕದ ಮನೆಯವನ ಮೇಲೆ ಒಂದು ಗೋಡೆಯ ಖಟ್ಲೆ ಹಾಕಿ, ಕೆಳಗಿನ ಕೋರ್ಟಿನಲ್ಲಿ ಗೆದ್ದು, ಅದರ ಮೇಲಿನದರಲ್ಲಿ ಸೋತು, ಈಗ ಧಾರವಾಡದ ಪೀಠಕ್ಕೆ ಅಪೀಲು ಹಾಕಿದ್ದಾನೆ. ಇಷ್ಟರಲ್ಲಿ ಒಂದು ಮಳೆಗಾಲದಲ್ಲಿ ಗೋಡೆ ಬಿದ್ದೇ ಹೋಯಿತು. ಖಟ್ಲೆ ಮಾತ್ರ ಗಟ್ಟಿಯಾಗಿ ನಿಂತಿದೆ.

ನನ್ನ ವಿಚಾರ ಕೇಳಿ ಅವನು ಗಂಭೀರನಾದ. "ಅಕ್ಕಾ, ಸಿರುಗುಪ್ಪದಾಗ ನಿನ್ನ ಉಡಿ ತಗೊಳ್ಳಿಲ್ಲ ಅಂದಿ. ಅದಕ್ಕ ಸರ್ಟಿಫೈಡ್ ಕಾಪಿ ಐತೇನು?"

"ಜವಾನ ಬಾಯಿಲೆ ಹೇಳಿದ್ನಪ್ಪ."

"ಬಾಯಿ ಮಾತು ನಡೆಯಂಗಿಲ್ಲ. ಕೆಳಗಿನ ಕೋರ್ಟಿನ ಕಾಪಿ ಇಲ್ದ ಮ್ಯಾಲಿನ ಕೋರ್ಟು ಒಳಗ ಬಿಟ್ಕೊಳ್ಳಂಗಿಲ್ಲ. ಮೆಟ್ಲು ಹತ್ತಿದಂಗ ಒಂದೊಂದೇ ಹತ್ತಬೇಕು. ನೀ ಏನ ಅನ್ನು, ನಾ ಇಲ್ದ ನಿನಗಾಗಂಗಿಲ್ಲ. ತಡಿ, ಅಂಗಿ ಹಾಕ್ಕೊಂಡು ಬರ್ತೀನಿ."

ಅವನ ಬಳಿ ಕೋರ್ಟಿಗೆಂದೇ, ಕೆಳಗಿನ ಕೋರ್ಟಿನಲ್ಲಿ ಗೆದ್ದ ಖುಷಿಗೆ ಹೊಲಿಸಿದ, ಒಂದು ಬಿಳಿ ಅಂಗಿ ಇದೆ. ಆ ಅಂಗಿ ಹಾಕಿದ ದಿನ ಅವನು ಒಮ್ಮೆಯಾದರೂ ಸೋಲದೆ ಮನೆಗೆ ಬಂದದ್ದಿಲ್ಲ. ಅದನ್ನು ನಾನು ಆಮೇಲೆ ನೆನಪಿಸಿಕೊಂಡೆ.

ಬಳ್ಳಾರಿಯ ಕೋರ್ಟಿನ ಗೇಟಿನಲ್ಲಿ ಪೊಲೀಸಪ್ಪ ಚೀಲ ಬಿಚ್ಚಿಸಿದ. ದಾರಿಯಲ್ಲಿ ಬಸಣ್ಣ ಒತ್ತಾಯ ಮಾಡಿ ಒಂದು ತೆಂಗಿನಕಾಯಿ ಬೇರೆ ಕೊಡಿಸಿದ್ದ.

"ಕಾಯಿ ಒಳಗ ಬಿಡಂಗಿಲ್ಲ. ಯಾರ ತಲಿಗೆ ಒಗೀತೀರೋ ಏನೋ."

"ಒಡೆದ್ರ ಬಿಡ್ತೀರೇನ್ರಿ?" ಎಂದ ಕಾನೂನು ಪಂಡಿತ. ಉತ್ತರ ಬರುವ ಮುಂಚೆಯೇ ಅಲ್ಲೇ ಕಲ್ಲಿಗೆ ಕುಕ್ಕಿದ. ಕಾಯಿಯ ನೀರು ಹಾರಿ ಪಕ್ಕದಲ್ಲಿ ಹೋಗುತ್ತಿದ್ದ ವಕೀಲರೊಬ್ಬರ ಬಿಳಿ ಕಾಲರಿಗೆ ಬಿತ್ತು. ಅವರು ನಿಂತರು. ನಾವು ನಿಲ್ಲಲಿಲ್ಲ!

ಓಡುವ ಭರದಲ್ಲಿ ಸಿಕ್ಕ ಬಾಗಿಲು ಹೊಕ್ಕೆವು. ಒಳಗೆ ಗಂಡ-ಹೆಂಡಿರು ಜೋಡಿ ಜೋಡಿಯಾಗಿ, ಒಬ್ಬರ ಮುಖ ಒಬ್ಬರು ನೋಡದೆ ಕುಳಿತಿದ್ದರು. ಮೇಜಿನ ಹಿಂದಿದ್ದ ಹೆಣ್ಣುಮಗಳು ನಮ್ಮಿಬ್ಬರನ್ನು ಕಂಡು ಕನಿಕರಪಟ್ಟಳು.

"ಅಜ್ಜಿ, ಇಷ್ಟ್ ವರ್ಷ ಹೊಂದ್ಕೊಂಡು ಹೋಗೀರಿ. ಈ ವಯಸ್ಸಿನಾಗ ಯಾಕ ಬ್ಯಾರೆ ಆಗ್ತೀರಿ?"

"ನಾ ಇಕಿ ತಮ್ಮ ಅದೀನ್ರೀ!" ಎಂದು ಬಸಣ್ಣ ಕೂಗಿದ. ಕೋರ್ಟಿನಲ್ಲಿ ಎಲ್ಲ ಮೆಟ್ಟಿಲೂ ಬಲ್ಲೆ ಎನ್ನುತ್ತಿದ್ದವನಿಗೆ, ಸಂಸಾರದ ಜಗಳಕ್ಕೆಂದೇ ಬೇರೆ ಕೋರ್ಟು ಇದೆ ಎನ್ನುವುದು ಅವತ್ತೇ ಗೊತ್ತಾಯಿತು.

ಮೆಟ್ಟಿಲು ಮೆಟ್ಟಿಲಾಗಿ ಹೋಗುವ ವಿಚಾರವನ್ನು ಅವನು ಅಲ್ಲಿಗೇ ಕೈಬಿಟ್ಟ. ಕೇಳಿಕೊಂಡು ಕೇಳಿಕೊಂಡು ನೇರವಾಗಿ ಜಿಲ್ಲಾ ನ್ಯಾಯಾಧೀಶರ ಕೋರ್ಟ್ ಹಾಲಿಗೇ ಹೋದೆವು. ಎತ್ತರದ ಪೀಠದಲ್ಲಿ ಆಕೆ ಕುಳಿತಿದ್ದರು. ಹಣೆಯಲ್ಲಿ ಸಣ್ಣ ಬೊಟ್ಟು, ಮೂಗಿನ ಮೇಲೆ ಕನ್ನಡಕ. ನೋಡಿದ ಕೂಡಲೇ ಸಮಾಧಾನವಾಯಿತು. ಒಳ್ಳೇ ಬೀಗಿತ್ತಿ!

ಹಿಂದಿನ ಬೆಂಚಿನಲ್ಲಿ ಕುಳಿತೆವು. ಬಸಣ್ಣ ಕಿವಿಯಲ್ಲಿ ಉಸುರಿದ. "ಇದು ಕೊಲೆ ಖಟ್ಲೆ ಅಕ್ಕಾ. ಈಗ ಇವ್ರು ಸೆಷನ್ಸ್ ಜಡ್ಜ್. ಹೊಲ-ಮನಿ ಖಟ್ಲೆ ಬಂದ್ರ ಇವ್ರೇ ಜಿಲ್ಲಾ ಜಡ್ಜ್ ಆಗ್ತಾರ. ಮನಿಷ್ಯಾ ಒಬ್ರೇ."

"ಗೊತ್ತು ಬಿಡಲೇ. ಮಗಳಿಗೆ ತಾಯಿ, ಸೊಸಿಗೆ ಅತ್ತಿ. ಒಬ್ಬಾಕಿಗೇ ಎರಡು ಮುಖ."

"ಹೆಸರು ಕೂಗಿದ ಕೂಡ್ಲೆ ಎದ್ದು ಹೋಗಬೇಕು. ತಡ ಮಾಡಿದ್ರ ಮುಂದಿನ ತಾರೀಖು ಕೊಡ್ತಾರ. ನೆಪ್ಪಿಟ್ಕೋ."

ನೆನಪಿಟ್ಟುಕೊಂಡೆ. ಆಗ ಬಾಗಿಲಲ್ಲಿ ನಿಂತವನು ದೊಡ್ಡ ದನಿಯಲ್ಲಿ ಕೂಗಿದ. "ಶರಣಮ್ಮಾ! ಶರಣಮ್ಮಾ! ಶರಣಮ್ಮಾ!"

ನನ್ನ ಹೆಸರು ಶರಣಮ್ಮ. ಬಳ್ಳಾರಿ ಜಿಲ್ಲೆಯಲ್ಲಿ ಒಂದು ಕಲ್ಲು ಎಸೆದರೆ ಅದು ಯಾರಾದರೂ ಶರಣಮ್ಮನ ಅಂಗಳದಲ್ಲೇ ಬೀಳುತ್ತದೆ ಎನ್ನುವುದು ಆ ಗಳಿಗೆಯಲ್ಲಿ ನನಗೆ ಹೊಳೆಯಲಿಲ್ಲ. ನಾನು ಬಂದದ್ದು ಬೀಗಿತ್ತಿಗೆ ತಿಳಿದಿದೆ, ಮರ್ಯಾದೆಯಿಂದ ಕರೆಸುತ್ತಿದ್ದಾರೆ ಎಂದುಕೊಂಡೆ. ಚೀಲ ಎತ್ತಿಕೊಂಡು ನಡೆದೆ. ಒಂದು ಕಟ್ಟಿಗೆಯ ಕಟಕಟೆಯೊಳಗೆ ನನ್ನನ್ನು ನಿಲ್ಲಿಸಿದರು. ಸತ್ಯವನ್ನೇ ಹೇಳುತ್ತೇನೆ ಎಂದು ಹೇಳಿಸಿದರು. ಉಡಿ ತುಂಬುವುದಕ್ಕೂ ಪ್ರಮಾಣ ಮಾಡಿಸುವ ಮನೆತನ! ನನಗೆ ಇನ್ನೂ ಗೌರವ ಹೆಚ್ಚಾಯಿತು.

ಕರಿ ಕೋಟಿನ ಸರ್ಕಾರಿ ವಕೀಲರು ಕೇಳಿದರು. "ನಿಮ್ಮ ಹೆಸರು?"

"ಶರಣಮ್ಮ."

"ಗಂಡನ ಹೆಸರು?"

ಸೆರಗು ಬಾಯಿಗೆ ಹೋಯಿತು. ಮದುವೆಯಾದಾಗಿನಿಂದ ಆ ಹೆಸರು ನನ್ನ ನಾಲಿಗೆಯ ಮೇಲೆ ಬಂದಿಲ್ಲ.

"ಗಂಡನ ಹೆಸರು ಹೇಳಿ ಅಮ್ಮ."

"ನಾ ಹೇಳಂಗಿಲ್ರಿ."

"ಸತ್ಯ ಹೇಳ್ತೀನಿ ಅಂತ ಈಗಷ್ಟೇ ಪ್ರಮಾಣ ಮಾಡಿದ್ರಲ್ಲ!"

"ಸುಳ್ಳೂ ಹೇಳಂಗಿಲ್ರಿ. ಹೆಸರೂ ಹೇಳಂಗಿಲ್ರಿ."

ಹಿಂದಿನ ಬೆಂಚಿನಿಂದ ಬಸಣ್ಣ ಎದ್ದು ನಿಂತು ಕೂಗಿದ. "ಪಂಪಾಪತಿ, ಸ್ವಾಮೀ! ಸಿರುಗುಪ್ಪ!" ಅದು ಅವನ ಬಾಯಿಯಿಂದ ಬಂದದ್ದರಿಂದ ನಾನು ಇಲ್ಲಿ ಬರೆಯಬಹುದು.

ವಕೀಲರು ತಮ್ಮ ಕಾಗದ ನೋಡಿದರು. ತಿರುವಿ ಹಾಕಿದರು. ಅವರ ಶರಣಮ್ಮನ ಗಂಡ ಬೇರೆ, ಊರು ಬೇರೆ. ಪೀಠದ ಮೇಲಿದ್ದ ತಾಯಿ ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿದರು.

"ನೀವು ಯಾರಮ್ಮ? ಇಲ್ಲಿಗೆ ಯಾಕೆ ಬಂದಿರಿ?"

ಕೇಳಿದರಲ್ಲ, ಕೊನೆಗೂ! ನಾನು ಚೀಲ ಬಿಚ್ಚಿ ಕಟಕಟೆಯ ಅಂಚಿನ ಮೇಲೆ ಒಂದೊಂದಾಗಿ ಇಟ್ಟೆ. ಖಣ. ಕೊಬ್ಬರಿ ಬಟ್ಟಲು. ಒಡೆದ ಕಾಯಿಯ ಎರಡು ಹೋಳು. ಹೋಳಿಗೆಯ ಡಬ್ಬಿ.

"ಹೊಸಾ ಜಡ್ಜ್ ಆಗ್ಯಾಳಲ್ರೀ, ಸಿರುಗುಪ್ಪದ ವೀಣಾ, ಅಕಿ ಅಜ್ಜಿ ನಾನು. ನೀವು ನಮಗ ಬೀಗಿತ್ತಿ ಇದ್ದಂಗ. ನಮ್ಮ ಕೂಸು ನಿಮ್ಮ ಕೈಯಾಗ ಬೀಳ್ತೈತಿ. ಸ್ವಲ್ಪ ಸೆರಗು ಒಡ್ರೀ ಯವ್ವಾ, ಉಡಿ ತುಂಬ್ತೀನಿ."

ಕೊಲೆ ಆರೋಪಿ ಕೂಡ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದ. ಆಗ ಮುಂದಿನ ಸಾಲಿನಲ್ಲಿ, ಫೈಲುಗಳ ಗುಡ್ಡೆಯ ಹಿಂದೆ ಒಂದು ಕರಿ ಕೋಟು ಎದ್ದು ನಿಂತಿತು. ಆರೋಪಿಯ ಪರ ವಕೀಲರ ಸಹಾಯಕಿ. ನಮ್ಮ ವೀಣಾ!

ಅವಳ ಮುಖ ಸುಣ್ಣದ ಗೋಡೆಯಾಗಿತ್ತು. ಕುಳಿತೇ ಇರಬಹುದಿತ್ತು. ಯಾರೋ ಹುಚ್ಚು ಮುದುಕಿ ಎಂದು ಸುಮ್ಮನಿರಬಹುದಿತ್ತು. ಅವಳು ಹೇಳಿದಳು. "ಕ್ಷಮಿಸಬೇಕು, ಮೇಡಂ. ಇವರು ನಮ್ಮ ಅಜ್ಜಿ."

ಹದಿನೈದು ನಿಮಿಷದ ನಂತರ ನಾವಿಬ್ಬರೂ ನ್ಯಾಯಾಧೀಶರ ಕೋಣೆಯಲ್ಲಿ ನಿಂತಿದ್ದೆವು. ಬಸಣ್ಣ ಎಲ್ಲಿ? ಕೋರ್ಟಿನ ಅನುಭವ ಇದ್ದವನಲ್ಲವೇ, ಸರಿಯಾದ ಸಮಯಕ್ಕೆ ಕಾಣೆಯಾಗಿದ್ದ.

ಆ ತಾಯಿ ಹಳೇ ಮೈಸೂರಿನ ಕಡೆಯವರು. ಮಾತು ಮೆತ್ತಗಿತ್ತು, ಅದಕ್ಕೇ ಹೆಚ್ಚು ಭಯವಾಯಿತು.

"ವೀಣಾ, ಆಯ್ಕೆ ಪಟ್ಟಿಯಲ್ಲಿ ನಿಮ್ಮ ಹೆಸರಿದೆ. ಆರ್ಡರ್ ಬಂತಾ?"

"ಇಲ್ಲ ಮೇಡಂ."

"ನಿಮ್ಮ ಕುಟುಂಬದವರು ತುಂಬಿದ ಕೋರ್ಟಿನಲ್ಲಿ ನ್ಯಾಯಾಧೀಶರಿಗೆ ಕಾಣಿಕೆ ಕೊಡೋಕೆ ಬಂದರು. ಇದನ್ನ ನಾನು ಹೈಕೋರ್ಟಿಗೆ ಬರೆದರೆ ಏನಾಗುತ್ತೆ, ಗೊತ್ತಲ್ಲ?"

"ಗೊತ್ತು ಮೇಡಂ," ಎಂದಳು ವೀಣಾ. ನಾಲ್ಕು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಓದಿದ ಹುಡುಗಿ. ನಾನು ಇಪ್ಪತ್ತು ಹೋಳಿಗೆಯಲ್ಲಿ ಅವಳನ್ನು ಮುಗಿಸಿದ್ದೆ.

"ಬರೀಬ್ಯಾಡ್ರಿ ಯವ್ವಾ," ಎಂದೆ. "ಅಕಿ ಬ್ಯಾಡ ಅಂದಿದ್ಲು. ನಾನೇ ಕೇಳ್ಲಿಲ್ಲ. ಜೈಲಿಗೆ ಹಾಕೋದಿದ್ರ ನನ್ನ ಹಾಕ್ರಿ."

ಅವರು ನನ್ನತ್ತ ಕೈ ಎತ್ತಿ ಸುಮ್ಮನಿರಲು ಹೇಳಿದರು. ವೀಣಾಳನ್ನು ನೋಡಿದರು. "ನಾಳೆ ನೀವು ಕೂತ್ಕೊಳ್ಳೋ ಕೋರ್ಟಿಗೇ ಹೀಗೆ ಬಂದರು ಅಂತ ಇಟ್ಕೊಳ್ಳಿ. ಈ ಅಜ್ಜಿಯೇ ನಿಮ್ಮ ಮುಂದೆ ನಿಂತಿದ್ದಾರೆ. ಏನು ಆದೇಶ ಮಾಡ್ತೀರಿ?"

ನನಗೆ ಜೀವ ಬಂತು. ಗೆದ್ದೆ! ನನ್ನ ಮೊಮ್ಮಗಳೇ ನ್ಯಾಯ ಹೇಳುವುದಾದರೆ ಇನ್ನೇನು ಚಿಂತೆ? ಇವಳ ಕೂದಲಿಗೆ ಎಣ್ಣೆ ಹಚ್ಚಿದ ಕೈ ಇದು! ನಾನು ಸೆರಗು ಸರಿಮಾಡಿಕೊಂಡು ಧೈರ್ಯವಾಗಿ ನಿಂತೆ.

ವೀಣಾ ನನ್ನ ಕಡೆ ನೋಡಲಿಲ್ಲ. "ನಾನು ಆದೇಶ ಮಾಡುವ ಹಾಗಿಲ್ಲ ಮೇಡಂ. ಇವರು ನನ್ನ ಅಜ್ಜಿ. ಈ ವಿಷಯ ನನ್ನ ಮುಂದೆ ಬರಲೇಬಾರದು. ಬೇರೆ ನ್ಯಾಯಾಧೀಶರ ಮುಂದೆ ಹೋಗಬೇಕು."

ಕೇಳಿದಿರಾ? ಮಗನ ಮಗಳು, ಎದುರಿಗೇ ನಿಂತು, ನನ್ನನ್ನು ಬೇರೆಯವರಿಗೆ ಸಾಗಹಾಕಿದಳು! ನನ್ನ ಕಣ್ಣು ತುಂಬಿತು. ಆದರೆ ಆ ತಾಯಿ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ಮುಖದ ಮೇಲೆ ಮೊದಲ ಸಲ ಒಂದು ನಗು ಬಂತು, ಬಂದಷ್ಟೇ ಬೇಗ ಹೋಯಿತು.

"ನಾನು ಬರೆಯೋದಾದರೆ ಈ ಉತ್ತರಾನೂ ಸೇರಿಸಿ ಬರೀಬೇಕಾಗುತ್ತೆ," ಎಂದರು. "ಅದಕ್ಕಿಂತ ಏನೂ ಬರೆಯದೆ ಇರೋದೇ ಸುಲಭ. ಅಜ್ಜೀ, ನಿಮ್ಮ ಪ್ರೀತಿ ನನಗೆ ಅರ್ಥ ಆಯ್ತು. ಆದರೆ ಇವತ್ತು ನಾನು ಒಂದು ಅಡಿಕೆ ತಗೊಂಡರೂ, ನಾಳೆ ನಿಮ್ಮ ಮೊಮ್ಮಗಳು ಯಾರಿಗೂ ಬೇಡ ಅನ್ನೋಕೆ ಆಗಲ್ಲ. ಎಲ್ಲಾನೂ ಕಟ್ಟಿಕೊಂಡು ಮನೆಗೆ ಹೋಗಿ. ಇನ್ನು ಯಾವ ಕೋರ್ಟಿಗೂ ಬರಬೇಡಿ."

"ಹೋಳಿಗಿ ಒಂದ..."

"ಅಜ್ಜೀ!" ಎಂದರು ಇಬ್ಬರೂ ಒಟ್ಟಿಗೆ.

ಗೇಟಿನ ಹೊರಗೆ ಚಹಾದ ಅಂಗಡಿಯಲ್ಲಿ ಬಸಣ್ಣ ಸಿಕ್ಕ. "ಏನಾತು ಅಕ್ಕಾ? ಧಾರವಾಡಕ್ಕ ಹೋಗೂಣೇನು?" ಎಂದ. ಅವನನ್ನೂ ಎಳೆದುಕೊಂಡು ಮೂವರೂ ಸಿರುಗುಪ್ಪದ ಬಸ್ ಹತ್ತಿದೆವು. ಊರು ಹತ್ತಿರ ಬಂದಾಗ ವೀಣಾ ನನ್ನ ತೊಡೆಯ ಮೇಲಿದ್ದ ಚೀಲವನ್ನು ತಾನು ತೆಗೆದುಕೊಂಡಳು. ಭಾರ ಆಗಿತ್ತೇನೋ ನನಗೆ, ಅವಳಿಗೆ ಗೊತ್ತಾಯಿತು.

ಸಂಜೆ ಮನೆಯಲ್ಲಿ ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಊಟಕ್ಕೆ ಕುಳಿತೆವು. ಉಡಿಯ ಅಕ್ಕಿ ಅನ್ನವಾಗಿತ್ತು. ಒಡೆದ ಕಾಯಿ ಚಟ್ನಿಯಾಗಿತ್ತು. ಇಪ್ಪತ್ತು ಹೋಳಿಗೆ ಹೋದ ಹಾಗೇ ಇಪ್ಪತ್ತೂ ವಾಪಸ್ ಬಂದಿದ್ದವು. ಸೊಸೆ ನಿರ್ಮಲಾ ಬಡಿಸುತ್ತ ಬಡಿಸುತ್ತ ನಗುವನ್ನು ನುಂಗುತ್ತಿದ್ದಳು. ಬಸಣ್ಣ ಕಟಕಟೆಯ ಕಥೆಯನ್ನು ಮೂರನೇ ಸಲ ಹೇಳುತ್ತಿದ್ದ. ಪ್ರತಿ ಸಲವೂ ಅವನು ಇನ್ನಷ್ಟು ಶೂರನಾಗುತ್ತಿದ್ದ.

"ತುಂಬಿದ ಕೋರ್ಟಿನಾಗ ನನ್ನ ಹೆಸರು ಕೂಗಿದ್ರೇನು?" ಎಂದು ಯಜಮಾನರು ಕೇಳಿದರು. ಮೀಸೆ ಮೇಲಿನ ತುಪ್ಪ ಒರೆಸಿಕೊಂಡರು. ಒಳಗೊಳಗೇ ಖುಷಿಯಾಗಿತ್ತು ಅವರಿಗೆ.

ನನ್ನ ಮಗ ತಲೆ ಅಲ್ಲಾಡಿಸಿದ. "ಅವ್ವಾ, ಪುಣ್ಯಕ್ಕ ಆ ಮೇಡಂ ಒಳ್ಳೇರದಾರ. ಬ್ಯಾರೇರು ಆಗಿದ್ರ ಇವತ್ತು ಮನ್ಯಾಗ ಈ ಊಟ ಇರ್ತಿರ್ಲಿಲ್ಲ."

ನನ್ನ ಕೈ ತುತ್ತಿನ ಮೇಲೆ ನಿಂತಿತು. ಆಗ ವೀಣಾ, ಬಳ್ಳಾರಿ ಬಿಟ್ಟಾಗಿನಿಂದ ಮೊದಲ ಸಲ, ಬಾಯಿ ತೆಗೆದಳು.

"ಅಪ್ಪಾ, ಜಡ್ಜ್ ಆದೋರಿಗೆ ಸ್ವಂತ ಜಿಲ್ಲೆಯಾಗ ಪೋಸ್ಟಿಂಗ್ ಕೊಡಂಗಿಲ್ಲಲ್ಲ, ಅದು ಯಾಕ ಅಂತ ನಾನು ಪರೀಕ್ಷೆಗೆ ಎರಡು ಪುಟ ಓದಿದ್ದೆ. ತಲಿಗೆ ಹೋಗಿರ್ಲಿಲ್ಲ." ನನ್ನ ಎಲೆಗೆ ಒಂದು ಹೋಳಿಗೆ ಹಾಕಿದಳು. "ಇವತ್ತು ಹೋತು."

ಮನೆಯೆಲ್ಲ ನಗು. ನಾನೂ ನಕ್ಕೆ, ಏನು ಮಾಡಲಿ! ನನ್ನಂಥ ಅಜ್ಜಿಯೊಬ್ಬಳು ಮುಂದೊಂದು ದಿನ ಸಿರುಗುಪ್ಪದಿಂದ ಚೀಲ ಹೊತ್ತುಕೊಂಡು ಹೊರಡುತ್ತಾಳೆ ಎಂದು ದೊಡ್ಡವರು ಮೊದಲೇ ಯೋಚಿಸಿ, ನಿಯಮ ಮಾಡಿ, ಮೊಹರು ಹಾಕಿ ಇಟ್ಟಿದ್ದಾರೆ. ಇಡೀ ರಾಜ್ಯದ ನ್ಯಾಯಾಂಗ ಇಷ್ಟು ಹುಷಾರಾಗಿರುವುದು ನನ್ನೊಬ್ಬಳ ಭಯಕ್ಕೆ!

ಇನ್ನೂ ಒಂದು ಹೋಳಿಗೆ ಹಾಕಿಸಿಕೊಂಡು ತಿಂದೆ.